ವಾರ್ಷಿಕ ತಪಾಸಣೆಯಲ್ಲಿ ಒಂದು ಸಿಲಿಂಡರಿನ ಕಂಪ್ರೆಷನ್ ಕಡಿಮೆ ಬಂದರೆ: ಸೋರಿಕೆಯ ಜಾಗ ಪತ್ತೆ ಮಾಡುವ ಕ್ರಮ

ಲೈಕಮಿಂಗ್ ಒ-320 ಎಂಜಿನ್ ಇರುವ ಒಂದು ಸೆಸ್ನಾ 172 ವಾರ್ಷಿಕ ತಪಾಸಣೆಗೆ ಬಂದಿದೆ, ಸಿಲಿಂಡರು ಗಾಳಿಯ ಒತ್ತಡವನ್ನು ಎಷ್ಟು ಹಿಡಿದಿಡುತ್ತದೆ ಎಂದು ನೋಡುವ ಕಂಪ್ರೆಷನ್ ಪರೀಕ್ಷೆಯಲ್ಲಿ ನಾಲ್ಕು ಸಿಲಿಂಡರುಗಳಿಗೆ ಕ್ರಮವಾಗಿ 80ಕ್ಕೆ 76, 74, 56, 77 ಎಂಬ ಅಂಕಿಗಳು ಬಂದಿವೆ ಎಂದಿಟ್ಟುಕೊಳ್ಳೋಣ. ಮೂರನೆಯದು ಮಾತ್ರ ಹಿಂದೆ ಬಿದ್ದಿದೆ. ಇಂಥ ಹೊತ್ತಿನಲ್ಲಿ ಹ್ಯಾಂಗರಿನಲ್ಲಿ ಮೊದಲು ಕೇಳಿಬರುವ ಮಾತು "ಸಿಲಿಂಡರ್ ಬಿಚ್ಚಿ ಕಳಿಸಿಬಿಡೋಣ" ಎಂಬುದು. ಆದರೆ 56 ಎಂಬ ಅಂಕಿ ಗಾಳಿ ಸೋರುತ್ತಿದೆ ಎಂದಷ್ಟೇ ಹೇಳುತ್ತದೆ. ಎಲ್ಲಿಂದ ಸೋರುತ್ತಿದೆ, ಆ ಸೋರಿಕೆ ನಾಳೆಯೂ ಇರುತ್ತದೆಯೇ, ಅದಕ್ಕೆ ಸಿಲಿಂಡರ್ ಬಿಚ್ಚಲೇಬೇಕೇ ಎಂಬ ಮೂರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಆ ಉತ್ತರಗಳನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ನಿಯಮದ ಚೌಕಟ್ಟನ್ನು ಸ್ವಲ್ಪ ನೋಡೋಣ. ಅಮೆರಿಕದಲ್ಲಿ ನೋಂದಣಿಯಾದ ಖಾಸಗಿ ವಿಮಾನಕ್ಕೆ ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎಯ ನಿಯಮ 91.409ರ ಪ್ರಕಾರ ಹಿಂದಿನ 12 ಕ್ಯಾಲೆಂಡರ್ ತಿಂಗಳೊಳಗೆ ವಾರ್ಷಿಕ ತಪಾಸಣೆ ಆಗಿರಬೇಕು. 2024ರ ಮಾರ್ಚ್ 10ರಂದು ಸಹಿಯಾದ ತಪಾಸಣೆ 2025ರ ಮಾರ್ಚ್ 31ರವರೆಗೆ ನಡೆಯುತ್ತದೆ. ಏನೇನು ನೋಡಬೇಕು ಎಂಬ ಪಟ್ಟಿ 43ನೇ ಭಾಗದ ಅನುಬಂಧ ಡಿಯಲ್ಲಿದೆ. ಸಿಲಿಂಡರುಗಳ ಕಂಪ್ರೆಷನ್ ನೋಡಬೇಕು ಎಂದೂ, ಅದು ದುರ್ಬಲವಾಗಿದ್ದರೆ ಒಳಗಿನ ಸ್ಥಿತಿಯನ್ನೂ ಅಳತೆಗಳನ್ನೂ ಪರಿಶೀಲಿಸಬೇಕು ಎಂದೂ ಅಲ್ಲಿ ಬರೆದಿದೆಯೇ ಹೊರತು, ಇಂತಿಷ್ಟು ಅಂಕಿಗಿಂತ ಕೆಳಗಿದ್ದರೆ ಸಿಲಿಂಡರ್ ತೆಗೆದೇ ತೀರಬೇಕು ಎಂದು ಬರೆದಿಲ್ಲ. ಆ ಕೆಲಸವನ್ನು ಎಂಜಿನ್ ತಯಾರಕರ ಸೂಚನೆಗಳಿಗೂ ತಪಾಸಣಾ ಅಧಿಕಾರವಿರುವ ಮೆಕ್ಯಾನಿಕ್‌ನ ವಿವೇಚನೆಗೂ ಬಿಡಲಾಗಿದೆ. ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ವ್ಯವಸ್ಥೆ ಬೇರೆ. ವಿಮಾನ ಹಾರಲು ಯೋಗ್ಯವೆಂದು ಹೇಳುವ ಏರ್‌ವರ್ದಿನೆಸ್ ರಿವ್ಯೂ ಸರ್ಟಿಫಿಕೇಟ್ ವರ್ಷಕ್ಕೊಮ್ಮೆ ಊರ್ಜಿತಗೊಳ್ಳಬೇಕು, ಕೆಲಸಕ್ಕೆ ಪರವಾನಗಿ ಇರುವ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಸಹಿ ಹಾಕಬೇಕು. ಆದರೂ ಜಕ್ಕೂರಿನ ಹ್ಯಾಂಗರಿನಲ್ಲಾಗಲಿ ಕ್ಯಾಲಿಫೋರ್ನಿಯಾದ ಹ್ಯಾಂಗರಿನಲ್ಲಾಗಲಿ ವಾಲ್ವ್ ಸೋರುವ ರೀತಿ ಒಂದೇ ಆದ್ದರಿಂದ, ಮುಂದಿನ ವಿವರಣೆ ಎರಡೂ ಕಡೆಗೆ ಹೊಂದುತ್ತದೆ. ಅಮೆರಿಕದಲ್ಲಿ ವಿಮಾನದ ಮಾಲೀಕ ತಾನೂ ಕೈಹಾಕಬಹುದು, ಆದರೆ ಪರವಾನಗಿ ಇರುವ ಮೆಕ್ಯಾನಿಕ್ ಸ್ಥಳದಲ್ಲಿದ್ದು ಕೆಲಸವನ್ನು ಖುದ್ದು ಗಮನಿಸುತ್ತಿರಬೇಕು.

ಅಂಕಿ ಏನನ್ನು ಅಳೆಯುತ್ತದೆ

ಮೋಟಾರು ಗ್ಯಾರೇಜಿನ ಕಂಪ್ರೆಷನ್ ಪರೀಕ್ಷೆಗೂ ಇದಕ್ಕೂ ಹೋಲಿಕೆ ಕಡಿಮೆ. ಇಲ್ಲಿ ಎಂಜಿನ್ ತಿರುಗುವುದಿಲ್ಲ. ಪಿಸ್ಟನ್ ಕಂಪ್ರೆಷನ್ ಹೊಡೆತದ ತುದಿಯಲ್ಲಿ, ಅಂದರೆ ಟಾಪ್ ಡೆಡ್ ಸೆಂಟರಿನಲ್ಲಿ, ಎರಡೂ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ನಿಂತಿರುತ್ತದೆ. ಸ್ಪಾರ್ಕ್ ಪ್ಲಗ್ ರಂಧ್ರದ ಮೂಲಕ ಗಾಳಿ ತುಂಬಿಸಲಾಗುತ್ತದೆ. ಉಪಕರಣದಲ್ಲಿ ಎರಡು ಮಾಪಕಗಳು, ಅವುಗಳ ನಡುವೆ ಒಂದು ಸಣ್ಣ ನಿಖರ ರಂಧ್ರ; ಲೈಕಮಿಂಗ್ ತನ್ನ ಎಂಜಿನ್ನುಗಳಿಗೆ ಹೇಳುವ ಅಳತೆ 0.040 ಇಂಚು, ಅಂದರೆ ಸುಮಾರು 1 ಮಿಲಿಮೀಟರ್. ಮೊದಲ ಮಾಪಕದಲ್ಲಿ 80 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ನಿಲ್ಲಿಸಿದಾಗ ಸಿಲಿಂಡರಿನ ಕಡೆಯ ಮಾಪಕ ಎಷ್ಟು ತೋರಿಸುತ್ತದೆ ಎಂಬುದೇ ನಮ್ಮ ಅಂಕಿ. ಸಿಲಿಂಡರಿನಿಂದ ಏನೂ ಸೋರದಿದ್ದರೆ ಎರಡೂ 80 ತೋರಿಸುತ್ತವೆ. ಸೋರಿಕೆ ಹೆಚ್ಚಿದಷ್ಟೂ ಎರಡನೆಯದು ಇಳಿಯುತ್ತದೆ.

ಈ ಅಂಕಿಯನ್ನು ಎಂಜಿನ್ನಿನ ಶಕ್ತಿಯ ಅಳತೆ ಎಂದು ತಿಳಿಯುವುದು ಬಹಳ ಜನರಲ್ಲಿರುವ ತಪ್ಪು ಕಲ್ಪನೆ. ನಿಮಿಷಕ್ಕೆ 2,400 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಹೊಡೆತಕ್ಕೆ ಸಿಗುವ ಕಾಲ ಸೆಕೆಂಡಿನ 80ನೇ ಒಂದು ಭಾಗ. ನಿಂತ ಪಿಸ್ಟನ್ನಿನ ಸುತ್ತ ನಿರಾಯಾಸವಾಗಿ ನುಸುಳುವ ಗಾಳಿಗೆ ಅಷ್ಟು ಹೊತ್ತಿನಲ್ಲಿ ಹೆಚ್ಚೇನೂ ಹೊರಗೆ ಹೋಗಲು ಆಗುವುದಿಲ್ಲ. ಹಾಗಾಗಿ 60ರ ಆಸುಪಾಸಿನ ಅಂಕಿಯಿರುವ ಎಂಜಿನ್ ಹಾರಾಟದಲ್ಲಿ ಯಾವ ಕೊರತೆಯನ್ನೂ ತೋರಿಸದೆ ಇರಬಹುದು, 74 ತೋರಿಸುವ ಸಿಲಿಂಡರಿನೊಳಗೆ ಎಕ್ಸಾಸ್ಟ್ ವಾಲ್ವ್‌ನ ಅಂಚು ಸುಡಲು ಶುರುವಾಗಿಯೂ ಇರಬಹುದು.

ಲೈಕಮಿಂಗ್‌ನ ಸರ್ವಿಸ್ ಇನ್‌ಸ್ಟ್ರಕ್ಷನ್ 1191 ಇದನ್ನು ಹೀಗೆ ಓದುತ್ತದೆ: ಎಲ್ಲ ಸಿಲಿಂಡರುಗಳೂ ಹೆಚ್ಚುಕಡಿಮೆ ಸಮನಾಗಿ 70ರ ಮೇಲಿದ್ದರೆ ಎಂಜಿನ್ ಸಮರ್ಪಕ, 65ಕ್ಕಿಂತ ಕೆಳಗಿದ್ದರೆ ಸವೆತ ಆಗಿದೆ ಎಂದರ್ಥ, ಮುಂದೆ 100 ಗಂಟೆಗೊಮ್ಮೆ ನೋಡುತ್ತ ಸವೆತದ ವೇಗವನ್ನು ಗಮನಿಸಬೇಕು, 60ಕ್ಕಿಂತ ಕೆಳಗೆ ಬಂದರೆ ಅಥವಾ ಸವೆತ ಬೇಗಬೇಗ ಹೆಚ್ಚುತ್ತಿದ್ದರೆ ಸಿಲಿಂಡರ್ ತೆಗೆಯುವುದನ್ನು ಯೋಚಿಸಬೇಕು. ಸಿಲಿಂಡರುಗಳ ನಡುವೆ 5 ಪಿಎಸ್‌ಐ ವ್ಯತ್ಯಾಸ ಸಹಜ, 10ರಿಂದ 15 ಇದ್ದರೆ ಕಾರಣ ಹುಡುಕಬೇಕು. ನಮ್ಮ ಉದಾಹರಣೆಯಲ್ಲಿ ವ್ಯತ್ಯಾಸ 21 ಇದೆ, ಅಂಕಿಯೂ 60ರ ಕೆಳಗಿದೆ. ಆದ್ದರಿಂದ ಸುಮ್ಮನಿರುವಂತಿಲ್ಲ.

ಮೊದಲ ಅನುಮಾನ ಪರೀಕ್ಷೆಯ ಮೇಲೆಯೇ ಇರಲಿ

ಸಿಲಿಂಡರನ್ನು ದೂರುವ ಮೊದಲು ಉಪಕರಣವನ್ನು ನೋಡಬೇಕು. ಸಿಲಿಂಡರ್ ಕಡೆಯ ಹೋಸನ್ನು ಬಂದ್ ಮಾಡಿ 80 ಪಿಎಸ್‌ಐ ಕೊಟ್ಟರೆ ಎರಡೂ ಮಾಪಕಗಳು ಒಂದೇ ಅಂಕಿ ತೋರಿಸಬೇಕು. ತೋರಿಸದಿದ್ದರೆ ಮಾಪಕದಲ್ಲೋ ಹೋಸಿನಲ್ಲೋ ತೊಂದರೆಯಿದೆ. ಪ್ಲಗ್ ರಂಧ್ರಕ್ಕೆ ಕೂರಿಸುವ ಅಡಾಪ್ಟರಿನ ರಬ್ಬರ್ ಉಂಗುರ ಹಳತಾಗಿ ಗಟ್ಟಿಯಾಗಿದ್ದರೆ ಅಲ್ಲಿಂದಲೇ ನಾಲ್ಕೈದು ಪಿಎಸ್‌ಐ ಹೋಗುತ್ತದೆ, ಆ ಜಾಗಕ್ಕೆ ಒಂದಿಷ್ಟು ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುವುದು ಕಣ್ಣಿಗೇ ಕಾಣುತ್ತದೆ. ಎಲ್ಲ ಸಿಲಿಂಡರುಗಳೂ ಒಟ್ಟಿಗೆ, ಒಂದೇ ಪ್ರಮಾಣದಲ್ಲಿ ಇಳಿದಿದ್ದರೆ ಬಹುಮಟ್ಟಿಗೆ ಉಪಕರಣದ ಅಥವಾ ತಣ್ಣಗಿರುವ ಎಂಜಿನ್ನಿನ ಕಥೆಯೇ. ಒಂದೇ ಸಿಲಿಂಡರ್ ಇಳಿದಿದ್ದರೆ ಆ ಸಾಧ್ಯತೆ ಕಡಿಮೆ, ಆದರೆ ಇಲ್ಲವೆಂದಲ್ಲ.

ಎಂಜಿನ್ ಬಿಸಿಯಿರಬೇಕು. ನೆಲದ ಮೇಲೆ ಎರಡು ನಿಮಿಷ ಓಡಿಸಿದರೆ ಎಣ್ಣೆ ಬಿಸಿಯಾಗುವುದಿಲ್ಲ, ಪಿಸ್ಟನ್ನಿನ ಸುತ್ತಲಿನ ರಿಂಗುಗಳೂ ಸಿಲಿಂಡರಿನ ಬ್ಯಾರೆಲ್ ಗೋಡೆಯೂ ತಮ್ಮ ಕೆಲಸದ ಅಳತೆಗೆ ಬರುವುದಿಲ್ಲ. ಮಾಮೂಲಿ ತಾಪಮಾನಕ್ಕೆ ಬರುವವರೆಗೆ ಓಡಿಸಿ, ನಿಲ್ಲಿಸಿದ ಕೂಡಲೇ ಕೌಲಿಂಗ್ (ಎಂಜಿನ್ನಿನ ಹೊರಹೊದಿಕೆ) ತೆಗೆದು ಪರೀಕ್ಷಿಸಬೇಕು. ನಾಲ್ಕು ಸಿಲಿಂಡರುಗಳನ್ನು ನಿಧಾನವಾಗಿ ನೋಡುತ್ತಾ ಹೋದರೆ ಕೊನೆಯದರ ಹೊತ್ತಿಗೆ ಎಂಜಿನ್ ಆರಿರುತ್ತದೆ. ಕಡಿಮೆ ಬಂದ ಸಿಲಿಂಡರ್ ಪ್ರತಿ ಸಲವೂ ಕೊನೆಯಲ್ಲಿ ಪರೀಕ್ಷೆಗೊಳಗಾಗುತ್ತಿದೆಯೇ ಎಂದು ಒಮ್ಮೆ ಯೋಚಿಸುವುದು ಒಳ್ಳೆಯದು.

ಇನ್ನು ಸುರಕ್ಷತೆಯ ಮಾತು, ಇದನ್ನು ಅವಸರದಲ್ಲಿ ದಾಟಬಾರದು. ಒ-320ರ ಬೋರ್ 5.125 ಇಂಚು, ಪಿಸ್ಟನ್ನಿನ ಮುಖದ ವಿಸ್ತೀರ್ಣ ಸುಮಾರು 20.6 ಚದರ ಇಂಚು. 80 ಪಿಎಸ್‌ಐ ಕೊಟ್ಟಾಗ ಅದರ ಮೇಲೆ ಬೀಳುವ ಬಲ ಸುಮಾರು 1,650 ಪೌಂಡ್, ಅಂದರೆ 750 ಕಿಲೋ ಭಾರ. ಪಿಸ್ಟನ್ ಸರಿಯಾಗಿ ಟಾಪ್ ಡೆಡ್ ಸೆಂಟರಿನಲ್ಲಿದ್ದರೆ ಆ ಬಲಕ್ಕೆ ಕ್ರ್ಯಾಂಕನ್ನು ತಿರುಗಿಸಲಾಗದು. ಕೆಲವೇ ಡಿಗ್ರಿ ಆಚೀಚೆಯಾದರೂ ಪ್ರೊಪೆಲರ್ ಏಕಾಏಕಿ ಬೀಸಿ ಹೊಡೆಯುತ್ತದೆ. ಆದ್ದರಿಂದ ಇದು ಒಬ್ಬರೇ ಮಾಡುವ ಕೆಲಸವಲ್ಲ. ಒಬ್ಬರು ಪ್ರೊಪೆಲರನ್ನು ಭದ್ರವಾಗಿ ಹಿಡಿದಿರಬೇಕು, ಇನ್ನೊಬ್ಬರು ಗಾಳಿ ಬಿಡಬೇಕು, ಮೊದಲು 15–20 ಪಿಎಸ್‌ಐ ಮಾತ್ರ ಕೊಟ್ಟು ಸ್ಥಾನ ಸರಿಮಾಡಿಕೊಂಡು ಆಮೇಲೆ 80ಕ್ಕೆ ಏರಿಸಬೇಕು. ಅದಕ್ಕೂ ಮುಂಚೆ ಪ್ಲಗ್ಗುಗಳಿಗೆ ಕಿಡಿ ಕೊಡುವ ಮ್ಯಾಗ್ನೆಟೊದ ಸ್ವಿಚ್ ಆಫ್, ಇಂಧನ-ಗಾಳಿ ಮಿಶ್ರಣದ ಹಿಡಿ (ಮಿಕ್ಸ್ಚರ್) ಹಿಂದಕ್ಕೆ, ಇಂಧನ ಬಂದ್, ಚಕ್ರಕ್ಕೆ ತಡೆ. ಸ್ವಿಚ್ ಆಫ್ ಆಗಿದ್ದರೂ ಮ್ಯಾಗ್ನೆಟೊದ ಗ್ರೌಂಡಿಂಗ್ ತಂತಿ ತುಂಡಾಗಿದ್ದರೆ ಅದು ಇನ್ನೂ ಕಿಡಿ ಕೊಡುತ್ತಿರುತ್ತದೆ. ಪ್ಲಗ್ ತಂತಿಗಳನ್ನು ಬಿಚ್ಚಿಟ್ಟಾಗಲೇ ನಂಬಬೇಕು.

ಪ್ರೊಪೆಲರನ್ನು ಅದು ತಿರುಗುವ ಸಹಜ ದಿಕ್ಕಿನಲ್ಲೇ ತಂದು ನಿಲ್ಲಿಸಬೇಕು. ಟಾಪ್ ಡೆಡ್ ಸೆಂಟರ್ ದಾಟಿಹೋಯಿತೆಂದು ಸ್ವಲ್ಪವೇ ಹಿಂದಕ್ಕೆ ತಳ್ಳಿ ನಿಲ್ಲಿಸಿದರೆ ರಿಂಗುಗಳು ತಮ್ಮ ತೋಡಿನ ಕೆಳಗಿನ ಅಂಚನ್ನು ಬಿಟ್ಟು ಮೇಲೆದ್ದಿರುತ್ತವೆ, ಗಾಳಿ ರಿಂಗಿನ ಹಿಂದಿನಿಂದ ಸುತ್ತಿಕೊಂಡು ಹೋಗುತ್ತದೆ, ಅಂಕಿ ಸುಳ್ಳಾಗಿ ಇಳಿಯುತ್ತದೆ. ಎಫ್‌ಎಎಯ ಸಲಹಾ ಸುತ್ತೋಲೆ ಎಸಿ 43.13-1ಬಿ ಹೇಳುವಂತೆ, ದಾಟಿದ್ದರೆ ಕನಿಷ್ಠ ಅರ್ಧ ಸುತ್ತು ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರಬೇಕು; ಅದರಿಂದ ವಾಲ್ವ್ ಯಾಂತ್ರಿಕತೆಯ ಸಡಿಲವೂ ಹೋಗುತ್ತದೆ. 56 ಎಂದು ಬರೆದಿಟ್ಟ ಅನೇಕ ಸಿಲಿಂಡರುಗಳು ಇಷ್ಟು ಮಾಡಿದ ಮೇಲೆ 68 ಆಗುತ್ತವೆ.

ಕಿವಿಗೊಡುವುದು

ಎಲ್ಲ ಸರಿಮಾಡಿದ ಮೇಲೂ ಮೂರನೆಯದು 56ರಲ್ಲೇ ನಿಂತಿದೆ ಎನ್ನೋಣ. ಗಾಳಿಯನ್ನು 80ರಲ್ಲೇ ಇಟ್ಟು, ಪ್ರೊಪೆಲರ್ ಹಿಡಿದವರನ್ನು ಹಾಗೇ ನಿಲ್ಲಿಸಿ, ಹ್ಯಾಂಗರಿನಲ್ಲಿ ಕಂಪ್ರೆಸರ್ ಸದ್ದು ಮಾಡುತ್ತಿದ್ದರೆ ಅದನ್ನೂ ನಿಲ್ಲಿಸಿ, ಒಂದು ತುಂಡು ರಬ್ಬರ್ ಹೋಸಿನ ಒಂದು ತುದಿಯನ್ನು ಕಿವಿಗೆ ಇಟ್ಟುಕೊಂಡು ಇನ್ನೊಂದು ತುದಿಯನ್ನು ಒಂದೊಂದೇ ಬಾಯಿಗೆ ಹಿಡಿಯಬೇಕು. ಗಾಳಿ ಹೋಗಲು ಇರುವ ದಾರಿಗಳು ಕೆಲವೇ. ಎಕ್ಸಾಸ್ಟ್ ವಾಲ್ವ್ ಸೋರಿದರೆ ಸುಯ್ಯೆನ್ನುವ ಸದ್ದು ಎಕ್ಸಾಸ್ಟ್ ಕೊಳವೆಯ ಬಾಯಿಯಲ್ಲಿ ಕೇಳುತ್ತದೆ. ಇನ್‌ಟೇಕ್ ವಾಲ್ವ್ ಸೋರಿದರೆ ಕಾರ್ಬ್ಯುರೇಟರಿನ ಗಾಳಿಬಾಯಿಯಲ್ಲಿ ಕೇಳುತ್ತದೆ, ಆದರೆ ಥ್ರಾಟಲನ್ನು ಪೂರ್ತಿ ತೆರೆದಿದ್ದರೆ ಮಾತ್ರ. ರಿಂಗ್ ಸೋರಿದರೆ ಗಾಳಿ ಕ್ರ್ಯಾಂಕ್‌ಕೇಸಿಗೆ (ಕ್ರ್ಯಾಂಕ್ ಇರುವ ಪೆಟ್ಟಿಗೆಗೆ) ಇಳಿದು ಎಣ್ಣೆ ತುಂಬುವ ಕೊಳವೆಯಲ್ಲೂ ಬ್ರೀದರ್ ಕೊಳವೆಯಲ್ಲೂ ಹೊರಬರುತ್ತದೆ. ಸಿಲಿಂಡರಿನ ಹೆಡ್ ಬಿರುಕು ಬಿಟ್ಟಿದ್ದರೆ ಅದನ್ನು ತಂಪಾಗಿಡುವ ತೆಳು ಫಿನ್ನುಗಳ ನಡುವೆ ಎಲ್ಲೋ ಹೊರಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಎಂಜಿನ್ನಿನ ಕಿಡಿಯ ಕ್ರಮ 1-3-2-4. ಮೂರನೆಯದು ಕಂಪ್ರೆಷನ್ನಿನ ತುದಿಯಲ್ಲಿ ನಿಂತಿರುವಾಗ, ಅದರ ಎದುರು ಎಡಬದಿಯಲ್ಲಿ ಮಲಗಿರುವ ನಾಲ್ಕನೆಯದು ಎಕ್ಸಾಸ್ಟ್ ಮುಗಿದು ಇನ್‌ಟೇಕ್ ಶುರುವಾಗುವ ಗಳಿಗೆಯಲ್ಲಿರುತ್ತದೆ, ಅದರ ಎರಡೂ ವಾಲ್ವ್‌ಗಳು ಸ್ವಲ್ಪ ಸ್ವಲ್ಪ ತೆರೆದಿರುತ್ತವೆ. ಹೀಗಾಗಿ ಮೂರನೆಯದರ ಯಾವ ವಾಲ್ವ್ ಸೋರಿದರೂ ಆ ಗಾಳಿ ಕೊಳವೆಯಲ್ಲಿ ಸುತ್ತಿ ನಾಲ್ಕನೆಯದರೊಳಗೆ ನುಗ್ಗಿ, ಅದರ ತೆರೆದ ಪ್ಲಗ್ ರಂಧ್ರದಿಂದ ಹೊರಡಬಹುದು. ಅಲ್ಲಿ ಸದ್ದು ಕೇಳಿದವರು ನಾಲ್ಕನೆಯದನ್ನು ಅನುಮಾನಿಸುವುದುಂಟು. ಆ ರಂಧ್ರಕ್ಕೆ ಒಂದು ಹಳೆಯ ಪ್ಲಗ್ ಕೂರಿಸಿ ಮತ್ತೆ ಕೇಳಿದರೆ ಸದ್ದು ತನ್ನ ನಿಜವಾದ ಬಾಯಿಗೆ, ಎಕ್ಸಾಸ್ಟಿಗೋ ಕಾರ್ಬ್ಯುರೇಟರಿಗೋ, ಹೋಗಿ ಸೇರುತ್ತದೆ.

ಎಣ್ಣೆ ತುಂಬುವ ಕೊಳವೆಯಲ್ಲಿ ಸ್ವಲ್ಪ ಸದ್ದು ಯಾವಾಗಲೂ ಇರುತ್ತದೆ. ರಿಂಗುಗಳಿಗೆ ಬಾಯಿ (ಎರಡು ತುದಿಗಳ ನಡುವಿನ ಸಂದು) ಇದೆ, ಆ ಬಾಯಿಯಿಂದ ಸ್ವಲ್ಪ ಹೋಗುವುದು ಅವುಗಳ ವಿನ್ಯಾಸದಲ್ಲೇ ಸೇರಿದೆ. ಚೆನ್ನಾಗಿರುವ ಒಂದನೇ ಸಿಲಿಂಡರಿಗೆ ಗಾಳಿ ಕೊಟ್ಟು ಮೊದಲು ಅದರ ಸದ್ದನ್ನು ಕೇಳಿಕೊಂಡು, ಆಮೇಲೆ ಮೂರನೆಯದರ ಸದ್ದಿಗೆ ಹೋಲಿಸಿ ನೋಡಬೇಕು. ವಾಲ್ವ್‌ಗಳ ವಿಷಯ ಹಾಗಲ್ಲ. ಮುಚ್ಚಿದ ವಾಲ್ವ್ ಪೂರ್ತಿ ಮುಚ್ಚಿರಬೇಕು, ಅಲ್ಲಿ ಕೇಳುವ ಸದ್ದಿಗೆ ಕಾರಣ ಇದ್ದೇ ಇರುತ್ತದೆ.

ಎಕ್ಸಾಸ್ಟ್ ಕೊಳವೆಯಲ್ಲಿ ಸದ್ದು ಬಂದರೆ

ಲೈಕಮಿಂಗ್ ಎಂಜಿನ್ನುಗಳಲ್ಲಿ ಹೆಚ್ಚು ಎಚ್ಚರಿಕೆ ಬೇಡುವ ಸೋರಿಕೆ ಇದೇ. ರಿಂಗ್ ಸವೆದ ಸಿಲಿಂಡರ್ ಎಣ್ಣೆ ಕುಡಿಯುತ್ತ ವರ್ಷಗಟ್ಟಲೆ ನಡೆಯಬಹುದು. ಸುಟ್ಟ ಎಕ್ಸಾಸ್ಟ್ ವಾಲ್ವ್ ಹಾರಾಟದ ನಡುವೆ ತುಂಡಾಗಿ ಆ ಸಿಲಿಂಡರನ್ನೇ ನಿಷ್ಕ್ರಿಯಗೊಳಿಸಬಹುದು. ಆದರೆ ಎಕ್ಸಾಸ್ಟಿನಲ್ಲಿ ಸದ್ದು ಬಂದ ಮಾತ್ರಕ್ಕೆ ವಾಲ್ವ್ ಸುಟ್ಟಿದೆ ಎಂದಲ್ಲ. ಮೂರು ಬೇರೆ ಬೇರೆ ಸ್ಥಿತಿಗಳು ಒಂದೇ ಸದ್ದನ್ನು ಕೊಡುತ್ತವೆ: ವಾಲ್ವ್ ಕೂರುವ ಸೀಟಿನ ಮೇಲೆ ಇಂಗಾಲದ ಅಥವಾ ಸೀಸದ ಚೂರೊಂದು ಸಿಕ್ಕಿಕೊಂಡಿರುವುದು, ವಾಲ್ವ್‌ನ ಕಾಂಡ ತಾನು ಜಾರುವ ಕೊಳವೆಯಾದ ಗೈಡಿನಲ್ಲಿ ಬಿಗಿಯಾಗಿ ಪೂರ್ತಿ ಹಿಂದಿರುಗದೆ ಇರುವುದು, ಮತ್ತು ನಿಜವಾಗಿಯೂ ಅಂಚು ಸುಟ್ಟಿರುವುದು.

ಚೂರಿನ ಸಾಧ್ಯತೆಯನ್ನು ಮೊದಲು ತೆಗೆದುಹಾಕಬಹುದು. 100ಎಲ್‌ಎಲ್ ಎಂಬ ವಿಮಾನ ಪೆಟ್ರೋಲಿನಲ್ಲಿ ಲೀಟರಿಗೆ 0.56 ಗ್ರಾಮಿನವರೆಗೆ ಸೀಸ ಇರಬಹುದು. ಟ್ಯಾಕ್ಸಿಯಲ್ಲೂ ಸರ್ಕ್ಯೂಟ್ ತರಬೇತಿಯಲ್ಲೂ ಮಿಕ್ಸ್ಚರ್ ತೆಳುಮಾಡದೆ ಓಡಿಸುವ ವಿಮಾನಗಳಲ್ಲಿ ಅದರ ಉಳಿಕೆ ಬೇಗ ಕೂಡುತ್ತದೆ. ಎಸಿ 43.13-1ಬಿಯಲ್ಲಿರುವ ಉಪಾಯ ಸರಳ: ವಾಲ್ವನ್ನು ಒತ್ತಿ ತೆರೆಯುವ ರಾಕರಿನ ಕವರ್ ತೆಗೆದು, ವಾಲ್ವ್ ಕಾಂಡದ ನೇರಕ್ಕೆ ರಾಕರಿನ ಮೇಲೆ ಫೈಬರ್ ತುಂಡೊಂದನ್ನಿಟ್ಟು ಸುತ್ತಿಗೆಯಿಂದ ಕೆಲವು ಬಾರಿ ಮೆಲ್ಲಗೆ ತಟ್ಟುವುದು. ಹೀಗೆ ತಟ್ಟುವಾಗ ಪಿಸ್ಟನ್ ಟಾಪ್ ಡೆಡ್ ಸೆಂಟರಿನಲ್ಲಿ ಇರಕೂಡದು. ಕೆಲವು ಎಂಜಿನ್ನುಗಳಲ್ಲಿ ತೆರೆದ ವಾಲ್ವ್ ಪಿಸ್ಟನ್ನಿಗೆ ತಾಗುತ್ತದೆ. ಆಮೇಲೆ ಎಂಜಿನ್ನನ್ನು ತಿರುಗಿಸಿ ವಾಲ್ವ್‌ಗಳು ಸಹಜವಾಗಿ ಕೂರುವಂತೆ ಮಾಡಿ ಮತ್ತೆ ಅಳೆಯಬೇಕು. ಇದರಿಂದ ಅಂಕಿ 75ಕ್ಕೆ ಜಿಗಿದರೂ ನಾನು ಸಿಲಿಂಡರಿನ ಒಳಗನ್ನು ತೋರಿಸುವ ಬೋರ್‌ಸ್ಕೋಪ್ ಹಾಕದೆ ಕೌಲಿಂಗ್ ಮುಚ್ಚುವುದಿಲ್ಲ, ಏಕೆಂದರೆ ಚೂರು ಸಿಕ್ಕಿಕೊಂಡ ಜಾಗದಲ್ಲಿ ಬಿಸಿ ಅನಿಲ ಎಷ್ಟು ಗಂಟೆ ಹರಿದಿತ್ತು ಎಂಬುದು ಮಾಪಕಕ್ಕೆ ತಿಳಿಯದು.

ಬೋರ್‌ಸ್ಕೋಪಿನಲ್ಲಿ ವಾಲ್ವ್ ಪೂರ್ತಿ ತೆರೆದಿರುವಂತೆ ಕ್ರ್ಯಾಂಕ್ ನಿಲ್ಲಿಸಿ ನೋಡಬೇಕು. ಆರೋಗ್ಯವಾಗಿರುವ ಎಕ್ಸಾಸ್ಟ್ ವಾಲ್ವ್‌ನ ಮುಖದಲ್ಲಿ ನಡುವೆ ಕೆಂಪುಕಂದು ಬಣ್ಣದ ಲೇಪವಿದ್ದು, ಅದರ ಸುತ್ತಲಿನ ವೃತ್ತಗಳು ಎಲ್ಲ ಕಡೆಯೂ ಸಮನಾಗಿರುತ್ತವೆ. ಸುಡಲು ಶುರುವಾದ ವಾಲ್ವ್‌ನಲ್ಲಿ ಈ ಸಮತೆ ಕೆಡುತ್ತದೆ: ಅಂಚಿನ ಒಂದು ಭಾಗದಲ್ಲಿ ಮಾತ್ರ ಲೇಪ ಉದುರಿಹೋಗಿ, ಅಲ್ಲಿ ಹಸಿರು ಛಾಯೆಯೋ ಬರಿಯ ಲೋಹದ ಹೊಳಪೋ ಕಾಣುತ್ತದೆ. ದೋಸೆಯ ಒಂದು ಅಂಚು ಮಾತ್ರ ಕಾವಲಿಯ ಬೆಂಕಿಗೆ ಹೆಚ್ಚು ಸಿಕ್ಕಿ ಬಣ್ಣ ಬದಲಾದಂತೆ ಅದು ಎದ್ದು ಕಾಣುತ್ತದೆ. ಸೀಟಿನ ಮೇಲೂ ಅದೇ ಜಾಗದಲ್ಲಿ ಗುರುತು ಇದೆಯೇ ಎಂದು ನೋಡಬೇಕು. ಚಿತ್ರ ತೆಗೆದಿಟ್ಟುಕೊಂಡರೆ ಮುಂದಿನ ವರ್ಷ ಹೋಲಿಸಲು ಬರುತ್ತದೆ. ನಾಲ್ಕೂ ಸಿಲಿಂಡರುಗಳ ಚಿತ್ರ ಒಟ್ಟಿಗಿದ್ದರೆ ಭಿನ್ನವಾಗಿರುವುದು ಯಾವುದೆಂದು ಹೊಸಬರಿಗೂ ತಿಳಿಯುತ್ತದೆ.

ಹೀಗೆ ಒಂದೇ ಬದಿ ಸುಡಲು ಕಾರಣ, ವಾಲ್ವ್ ತಿರುಗುವುದನ್ನು ನಿಲ್ಲಿಸಿರುವುದು ಅಥವಾ ಗೈಡ್ ಸವೆದು ವಾಲ್ವ್ ಓರೆಯಾಗಿ ಕೂರುತ್ತಿರುವುದು. ಲೈಕಮಿಂಗ್ ಎಕ್ಸಾಸ್ಟ್ ವಾಲ್ವ್‌ನ ಕಾಂಡದ ತುದಿಯಲ್ಲಿ ಒಂದು ಸಣ್ಣ ರೊಟೇಟರ್ ಟೋಪಿ ಇರುತ್ತದೆ. ವಾಲ್ವ್ ಸ್ವಲ್ಪ ಸ್ವಲ್ಪವೇ ತಿರುಗುತ್ತಿದ್ದರೆ ಶಾಖ ಸುತ್ತಲೂ ಹಂಚಿಹೋಗುತ್ತದೆ, ಸೀಟಿನ ಮೇಲಿನ ಉಳಿಕೆಯೂ ಒರಸಿಹೋಗುತ್ತದೆ. ಕಾಂಡ ಟೊಳ್ಳಾಗಿದ್ದು ಅದರೊಳಗೆ ಶಾಖ ಸಾಗಿಸಲೆಂದು ಸೋಡಿಯಂ ಲೋಹ ತುಂಬಿರುತ್ತದೆ. ಆ ಶಾಖ ಗೈಡಿನ ಮೂಲಕ ಹೆಡ್ಡಿಗೆ ಹೋಗಬೇಕಾದ್ದರಿಂದ, ಗೈಡ್ ಸವೆದು ಸಡಿಲವಾದರೆ ಇಡೀ ವ್ಯವಸ್ಥೆ ಕೆಡುತ್ತದೆ. ಗೈಡಿನ ಸಡಿಲವನ್ನೂ ಬಿಗಿಯನ್ನೂ ಅಳೆಯುವ ವಿಧಾನ ಲೈಕಮಿಂಗ್‌ನ ಸರ್ವಿಸ್ ಬುಲೆಟಿನ್ 388ರಲ್ಲಿದೆ.

ಬಿಗಿಯಾದ ವಾಲ್ವ್‌ಗೆ ಬೇರೆಯೇ ಸುಳಿವು ಇರುತ್ತದೆ, ಅದನ್ನು ಮಾಲೀಕರನ್ನು ಕೇಳಿ ತಿಳಿಯಬೇಕು. ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಎಂಜಿನ್ ಒಂದು ಸಿಲಿಂಡರ್ ಬಿಟ್ಟು ಕುಂಟುತ್ತದೆಯೇ, ಒಂದೆರಡು ನಿಮಿಷದಲ್ಲಿ ತಾನಾಗಿಯೇ ಸರಿಯಾಗುತ್ತದೆಯೇ? ಮೆಕ್ಯಾನಿಕ್‌ಗಳು ಇದಕ್ಕೆ ಮಾರ್ನಿಂಗ್ ಸಿಕ್‌ನೆಸ್ ಎನ್ನುತ್ತಾರೆ. ಹೌದು ಎಂಬ ಉತ್ತರ ಬಂದರೆ ಗೈಡಿನಲ್ಲಿ ಉಳಿಕೆ ಕಟ್ಟಿದೆ ಎಂದೇ ಹಿಡಿಯಬಹುದು, ಮುಂದಿನ ಹಂತದಲ್ಲಿ ವಾಲ್ವ್ ಪೂರ್ತಿ ಸಿಕ್ಕಿಕೊಂಡು, ರಾಕರನ್ನು ತಳ್ಳುವ ಪುಶ್‌ರಾಡ್ ಬಾಗಬಹುದು. ಇದನ್ನು ಸಿಲಿಂಡರ್ ಬಿಚ್ಚದೆ ಸರಿಮಾಡಬಹುದು: ಪ್ಲಗ್ ರಂಧ್ರದಿಂದ ಕೆಲವು ಅಡಿ ನೈಲಾನ್ ಹಗ್ಗವನ್ನು ಒಳಗೆ ತುರುಕಿ, ಪಿಸ್ಟನ್ನನ್ನು ಮೇಲೆ ತಂದು ಆ ಹಗ್ಗದಿಂದ ವಾಲ್ವ್ ಕೆಳಗೆ ಬೀಳದಂತೆ ಒತ್ತಿಹಿಡಿದು, ಸ್ಪ್ರಿಂಗುಗಳನ್ನು ತೆಗೆದು, ಆಮೇಲೆ ಹಗ್ಗ ಎಳೆದು ವಾಲ್ವನ್ನು ಒಳಗಿಳಿಸಿ ಗೈಡನ್ನು ರೀಮರಿನಿಂದ ಸ್ವಚ್ಛಗೊಳಿಸುವುದು. ಹಗ್ಗದ ಒಂದು ತುದಿ ಹೊರಗೇ ಇರುವಂತೆ ನೋಡಿಕೊಳ್ಳಬೇಕು ಎಂದು ಬೇರೆ ಹೇಳಬೇಕಿಲ್ಲವಾದರೂ ಹೇಳಿಬಿಡುವುದು ಕ್ಷೇಮ.

ರಾಕರ್ ಕವರ್ ತೆಗೆದಾಗಲೇ ಡ್ರೈ ಟ್ಯಾಪೆಟ್ ಕ್ಲಿಯರೆನ್ಸ್ (ರಾಕರಿಗೂ ವಾಲ್ವ್ ಕಾಂಡಕ್ಕೂ ನಡುವಿನ ಸಂದು) ನೋಡುವುದು ಒಳ್ಳೆಯದು. ಎಣ್ಣೆಯಿಂದ ಆ ಸಂದನ್ನು ತುಂಬುವ ಹೈಡ್ರಾಲಿಕ್ ಲಿಫ್ಟರಿನ ಎಣ್ಣೆ ಪೂರ್ತಿ ಇಳಿದಿರುವಾಗ ಅದು 0.028ರಿಂದ 0.080 ಇಂಚಿನ ನಡುವೆ ಇರಬೇಕು. ಹಿಂದೆ ಓವರ್‌ಹಾಲಿನಲ್ಲಿ ಸೀಟನ್ನು ಹೆಚ್ಚು ಉಜ್ಜಿದ್ದರೆ ವಾಲ್ವ್ ಒಳಕ್ಕೆ ಕೂತು ಕಾಂಡ ಹೊರಕ್ಕೆ ಬಂದಿರುತ್ತದೆ, ಕ್ಲಿಯರೆನ್ಸ್ ಕಳೆದುಹೋಗಿ ವಾಲ್ವ್ ಪೂರ್ತಿ ಮುಚ್ಚದು. ಆಗ ಬೇಕಾಗುವುದು ಗಿಡ್ಡನೆಯ ಪುಶ್‌ರಾಡ್ ಮಾತ್ರ.

ಉಳಿದ ದಾರಿಗಳು

ಇನ್‌ಟೇಕ್ ವಾಲ್ವ್ ಕೆಡುವುದು ಅಪರೂಪ. ತಂಪಾದ ಮಿಶ್ರಣ ಸದಾ ಅದರ ಮೇಲೆ ಹರಿಯುತ್ತಿರುತ್ತದೆ. ಕಾರ್ಬ್ಯುರೇಟರಿನಲ್ಲಿ ಸದ್ದು ಬಂದರೆ ಮೊದಲು ಚೂರು, ಆಮೇಲೆ ಟ್ಯಾಪೆಟ್ ಕ್ಲಿಯರೆನ್ಸ್, ಕೊನೆಗೆ ಸೀಟಿನ ತುಕ್ಕು ನೋಡಿದರೆ ಸಾಕು.

ಎಣ್ಣೆ ತುಂಬುವ ಕೊಳವೆಯಲ್ಲಿ ಜೋರಾಗಿ ಸದ್ದು ಬಂದಾಗ ಬೇರೆ ಸಾಕ್ಷಿಗಳನ್ನು ಕೂಡಿಸಿಕೊಳ್ಳಬೇಕು. ಆ ಸಿಲಿಂಡರಿನ ಕೆಳಗಿನ ಪ್ಲಗ್ ಎಣ್ಣೆಯಲ್ಲಿ ಅದ್ದಿದಂತಿದೆಯೇ? ಪ್ಲಗ್ಗುಗಳನ್ನು ತೆಗೆಯುವಾಗ ಸ್ಥಾನ ಬರೆದ ಟ್ರೇಯಲ್ಲಿ ಇಡದವರಿಗೆ ಈ ಪ್ರಶ್ನೆಗೆ ಉತ್ತರ ಸಿಗದು. ಎಣ್ಣೆಯ ಖರ್ಚು ಎಷ್ಟು? ಲೈಕಮಿಂಗ್ ಸೂತ್ರದ ಪ್ರಕಾರ 160 ಅಶ್ವಶಕ್ತಿಯ ಒ-320ಕ್ಕೆ ಗಂಟೆಗೆ ಸುಮಾರು ಅರ್ಧ ಕ್ವಾರ್ಟ್ ಗರಿಷ್ಠ ಮಿತಿ (ಒಂದು ಕ್ವಾರ್ಟ್ ಎಂದರೆ ಒಂದು ಲೀಟರಿಗಿಂತ ಸ್ವಲ್ಪ ಕಡಿಮೆ). ಹತ್ತು ಗಂಟೆಗೆ ಒಂದು ಕ್ವಾರ್ಟ್ ಕುಡಿಯುತ್ತಿದ್ದ ಎಂಜಿನ್ ಇದ್ದಕ್ಕಿದ್ದಂತೆ ನಾಲ್ಕು ಗಂಟೆಗೇ ಒಂದು ಕ್ವಾರ್ಟ್ ಕೇಳತೊಡಗಿದ್ದರೆ ಅದು ಮಿತಿಯೊಳಗೇ ಇದ್ದರೂ ಸುದ್ದಿಯೇ. ತಪಾಸಣೆಯಲ್ಲಿ ಹೇಗೂ ಎಣ್ಣೆ ಫಿಲ್ಟರನ್ನು ಕತ್ತರಿಸಿ ಮಡಿಕೆಗಳನ್ನು ಬಿಡಿಸಿ ನೋಡುತ್ತೇವೆ. ಅಯಸ್ಕಾಂತಕ್ಕೆ ಅಂಟುವ ಉಕ್ಕಿನ ಚೂರುಗಳಿದ್ದರೆ ಮಾತು ಕಂಪ್ರೆಷನ್ನನ್ನು ದಾಟಿ ಕ್ಯಾಮ್‌ಶಾಫ್ಟಿನವರೆಗೆ ಹೋಗುತ್ತದೆ. ಲೈಕಮಿಂಗ್‌ನಲ್ಲಿ ಕ್ಯಾಮ್‌ಶಾಫ್ಟ್ ಕ್ರ್ಯಾಂಕಿನ ಮೇಲ್ಗಡೆ ಇದೆ; ವಿಮಾನ ತಿಂಗಳುಗಟ್ಟಲೆ ನಿಂತರೆ ಎಣ್ಣೆ ಇಳಿದುಹೋಗಿ ಅದಕ್ಕೆ ತುಕ್ಕು ಹಿಡಿಯುತ್ತದೆ. ಅದೇ ಅವಧಿಯಲ್ಲಿ ಬ್ಯಾರೆಲ್ ಗೋಡೆಗೂ ತುಕ್ಕಿನ ಚುಕ್ಕಿ ಬೀಳುತ್ತದೆ, ಮಳೆಗಾಲದ ತೇವದಲ್ಲಿ ಹೊರಗೆ ನಿಂತ ವಿಮಾನಗಳಲ್ಲಿ ಇವೆರಡೂ ಜೊತೆಯಾಗಿಯೇ ಕಾಣಸಿಗುತ್ತವೆ.

ಈ ಸಾಕ್ಷಿಗಳು ಯಾವುವೂ ಇಲ್ಲದೆ ರಿಂಗಿನ ಸದ್ದು ಮಾತ್ರ ಇದ್ದರೆ ಅವಸರ ಬೇಡ. ರಿಂಗುಗಳು ತೋಡಿನಲ್ಲಿ ತಿರುಗುತ್ತಿರುತ್ತವೆ. ಅವುಗಳ ಬಾಯಿಗಳು ಒಂದೇ ಸಾಲಿಗೆ ಬಂದ ದಿನ ಪರೀಕ್ಷೆ ನಡೆದರೆ ಅಂಕಿ ಇಳಿಯುತ್ತದೆ, ಮುಂದಿನ ಹಾರಾಟದ ಬಳಿಕ ಏರುತ್ತದೆ. ಕ್ರೂಸ್ ಶಕ್ತಿಯಲ್ಲಿ ಒಂದು ಗಂಟೆ ಹಾರಿಸಿ, ಬಿಸಿಯಿರುವಾಗಲೇ ಮತ್ತೆ ಅಳೆಯುವುದಕ್ಕಿಂತ ಅಗ್ಗದ ರೋಗಪರೀಕ್ಷೆ ಬೇರೆ ಇಲ್ಲ. ಆದರೆ ಅಮೆರಿಕದಲ್ಲಿ ಹಿಂದಿನ ವಾರ್ಷಿಕ ತಪಾಸಣೆಯ ಅವಧಿ ಆಗಲೇ ಮುಗಿದಿದ್ದರೆ ವಿಶೇಷ ಹಾರಾಟ ಅನುಮತಿಯಿಲ್ಲದೆ ಹಾರುವಂತಿಲ್ಲ. ತಿಂಗಳ ಕೊನೆಯ ದಿನಕ್ಕೆ ಬದಲು ಎರಡು ವಾರ ಮೊದಲೇ ವಿಮಾನವನ್ನು ತರಲು ಮಾಲೀಕರಿಗೆ ಹೇಳುವುದಕ್ಕೆ ಇದೊಂದೇ ಕಾರಣ ಸಾಕು.

ಹೆಡ್ಡಿನ ಬಿರುಕನ್ನು ಸೋಪಿನ ನೀರೇ ತೋರಿಸುತ್ತದೆ: ಪ್ಲಗ್ ರಂಧ್ರದ ಸುತ್ತ, ಎಕ್ಸಾಸ್ಟ್ ಪೋರ್ಟಿನ ಮೇಲಿನ ಫಿನ್ನುಗಳ ನಡುವೆ, ಹೆಡ್ಡು ಬ್ಯಾರೆಲ್ಲಿಗೆ ಸೇರುವ ಜಾಗದಲ್ಲಿ. ಅಲ್ಲಿ ಗುಳ್ಳೆ ಎದ್ದರೆ ಅಂಕಿ 78 ಇದ್ದರೂ ಆ ಸಿಲಿಂಡರ್ ಹೊರಗೆ, ಚರ್ಚೆಯಿಲ್ಲ.

ಕಾಂಟಿನೆಂಟಲ್ ಆಗಿದ್ದರೆ

ಬೆಂಗಳೂರಿನ ಎಚ್‌ಎಎಲ್ ಕಟ್ಟಿದ, 1958ರಲ್ಲಿ ಮೊದಲು ಹಾರಿದ ಪುಷ್ಪಕ್‌ನಲ್ಲಿದ್ದದ್ದು 90 ಅಶ್ವಶಕ್ತಿಯ ಕಾಂಟಿನೆಂಟಲ್ ಸಿ90. 1968ಕ್ಕೆ ಹಿಂದಿನ ಸೆಸ್ನಾ 172ಗಳಲ್ಲೂ ಕಾಂಟಿನೆಂಟಲ್ ಎಂಜಿನ್ನೇ ಇತ್ತು. ಈ ತಯಾರಕರ ಓದು ಬೇರೆ. ಅವರ 2003ರ ಸರ್ವಿಸ್ ಬುಲೆಟಿನ್ 03-3, ಪ್ರತಿ ಪರೀಕ್ಷೆಗೂ ಮೊದಲು ಮಾಸ್ಟರ್ ಆರಿಫಿಸ್ ಎಂಬ ಮಾಪನ ರಂಧ್ರವನ್ನು ಉಪಕರಣಕ್ಕೆ ಜೋಡಿಸಿ, ಆ ದಿನದ, ಆ ಉಪಕರಣದ ಕನಿಷ್ಠ ಮಿತಿ ಎಷ್ಟೆಂದು ಕಂಡುಕೊಳ್ಳಲು ಹೇಳುತ್ತದೆ. ಅದು ಸಾಮಾನ್ಯವಾಗಿ 40ರ ಆಸುಪಾಸಿನಲ್ಲಿ ಬರುತ್ತದೆ. ಜೊತೆಗೆ ಬೋರ್‌ಸ್ಕೋಪ್ ನೋಟವನ್ನು ಪರೀಕ್ಷೆಯ ಭಾಗವನ್ನಾಗಿಯೇ ಮಾಡಿದೆ. ಹೀಗಾಗಿ ಕಾಂಟಿನೆಂಟಲ್‌ನಲ್ಲಿ ರಿಂಗಿನ ಸೋರಿಕೆಯಿಂದ ಬಂದ 56ಕ್ಕೆ ಲೈಕಮಿಂಗ್‌ನ 60ರ ಗೆರೆಯನ್ನು ಎಳೆದು ಸಿಲಿಂಡರ್ ತೆಗೆಸುವುದು ತಯಾರಕರೇ ಕೇಳದ ಖರ್ಚು.

ಬಿಚ್ಚಲೇಬೇಕಾದಾಗ

ಸುಟ್ಟ ವಾಲ್ವ್, ಬಿರುಕುಬಿಟ್ಟ ಹೆಡ್, ಬಿಸಿ ಎಂಜಿನ್ನಿನ ಮರುಪರೀಕ್ಷೆಯಲ್ಲೂ ಏರದ ಮತ್ತು ಎಣ್ಣೆಯ ಖರ್ಚಿನೊಂದಿಗೆ ಬಂದ ರಿಂಗ್ ಸೋರಿಕೆ: ಇವುಗಳಿಗೆ ಸಿಲಿಂಡರ್ ತೆಗೆಯಬೇಕು. ತೆಗೆಯುವುದನ್ನು ನಾನು ಇಷ್ಟು ಹಿಂದಕ್ಕೆ ತಳ್ಳುತ್ತಾ ಬಂದದ್ದು ಖರ್ಚಿನ ಲೆಕ್ಕದಿಂದ ಮಾತ್ರವಲ್ಲ. ಸಿಲಿಂಡರನ್ನು ಹಿಡಿದಿರುವ ಉದ್ದನೆಯ ಸ್ಟಡ್ಡುಗಳೇ ಕ್ರ್ಯಾಂಕ್‌ಕೇಸಿನ ಎರಡು ಹೋಳುಗಳನ್ನೂ ಬಿಗಿಹಿಡಿದು ಮುಖ್ಯ ಬೇರಿಂಗುಗಳನ್ನು ಅದುಮಿರುತ್ತವೆ. ಅವನ್ನು ಸಡಿಲಿಸಿ, ಸಿಲಿಂಡರಿನ ಬದಲಿಗೆ ಆ ಸ್ಟಡ್ಡುಗಳನ್ನು ಬಿಗಿಹಿಡಿಯುವ ಟಾರ್ಕ್ ಪ್ಲೇಟ್ ಹಾಕದೆ ಕ್ರ್ಯಾಂಕನ್ನು ತಿರುಗಿಸಿದರೆ ಬೇರಿಂಗ್ ಜಾಗ ಬಿಟ್ಟು ಸರಿಯಬಹುದು. ಮತ್ತೆ ಜೋಡಿಸುವಾಗ ನಟ್ಟಿನ ಕೆಳಗೆ ಬಣ್ಣದ ಪದರ ಉಳಿದಿದ್ದರೆ ಅಥವಾ ಬಿಗಿಸುವ ಕ್ರಮ ತಪ್ಪಿದರೆ ಟಾರ್ಕ್ ರೆಂಚು ಸರಿಯಾದ ಅಂಕಿ ತೋರಿಸಿದರೂ ನಿಜವಾದ ಬಿಗಿ ಇರುವುದಿಲ್ಲ. ಒಂದು ಸಿಲಿಂಡರನ್ನು ಸರಿಮಾಡಲು ಹೋಗಿ ಇಡೀ ಎಂಜಿನ್ನಿಗೆ ಅಪಾಯ ತರುವ ದಾರಿ ಇದು. ತಯಾರಕರ ಬಿಗಿಸುವ ಕ್ರಮವನ್ನು ಕೈಯಲ್ಲಿ ಹಿಡಿದೇ ಕೆಲಸ ಮಾಡಬೇಕು, ಒಂದೇ ಪಾಳಿಯಲ್ಲಿ ಒಬ್ಬರೇ ಮುಗಿಸಬೇಕು. ಹೊಸ ರಿಂಗ್ ಹಾಕಿದ ಮೇಲೆ ಎಣ್ಣೆಯ ಖರ್ಚು ಸ್ಥಿರವಾಗುವವರೆಗೆ ಅಥವಾ 50 ಗಂಟೆಯವರೆಗೆ ಶುದ್ಧ ಮಿನರಲ್ ಎಣ್ಣೆ ಹಾಕಿ, 65ರಿಂದ 75 ಶೇಕಡಾ ಶಕ್ತಿಯಲ್ಲಿ ಹಾರಿಸಬೇಕು. ನೆಲದ ಮೇಲೆ ಹೊತ್ತುಗಟ್ಟಲೆ ಓಡಿಸಿದರೆ ಬ್ಯಾರೆಲ್ ಗೋಡೆ ನುಣುಪಾಗಿ ರಿಂಗ್ ಕೂರುವುದೇ ಇಲ್ಲ.

ಬಿಚ್ಚಲಿ ಬಿಡಲಿ, ಲಾಗ್‌ಬುಕ್ಕಿನಲ್ಲಿ "ಕಂಪ್ರೆಷನ್ ಪರೀಕ್ಷಿಸಲಾಯಿತು, ಸರಿಯಿದೆ" ಎಂದು ಬರೆಯುವ ಅಭ್ಯಾಸ ಬಿಡಬೇಕು. ನಾಲ್ಕೂ ಅಂಕಿಗಳು, ಉಪಕರಣದ ರಂಧ್ರದ ಅಳತೆ, ಎಂಜಿನ್ ಬಿಸಿಯಿತ್ತೋ ಆರಿತ್ತೋ, ಕಡಿಮೆ ಬಂದ ಸಿಲಿಂಡರಿನ ಗಾಳಿ ಯಾವ ಬಾಯಿಯಲ್ಲಿ ಕೇಳಿಸಿತು, ಮರುಪರೀಕ್ಷೆಯಲ್ಲಿ ಎಷ್ಟಾಯಿತು, ಬೋರ್‌ಸ್ಕೋಪಿನಲ್ಲಿ ಏನು ಕಂಡಿತು ಎಂಬುದನ್ನು ಬರೆದಿಟ್ಟರೆ ಮಾತ್ರ ಮುಂದಿನ ವರ್ಷ ಬೇರೊಬ್ಬ ಮೆಕ್ಯಾನಿಕ್ ಸವೆತದ ವೇಗವನ್ನು ಲೆಕ್ಕಹಾಕಬಲ್ಲ. ಹಾರಲು ಯೋಗ್ಯವೆಂದು ಸಹಿ ಹಾಕದೆ, ಬಾಕಿ ದೋಷಗಳ ಪಟ್ಟಿ ಕೊಟ್ಟು ವಿಮಾನವನ್ನು ಹಿಂದಿರುಗಿಸುವ ಸಂದರ್ಭದಲ್ಲೂ, ಎಫ್‌ಎಎ ನಿಯಮ 43.11 ಕೇಳುವ ಆ ಪಟ್ಟಿಯಲ್ಲಿ "3ನೇ ಸಿಲಿಂಡರ್ 56/80" ಎಂಬುದರ ಪಕ್ಕದಲ್ಲಿ "ಎಕ್ಸಾಸ್ಟ್ ವಾಲ್ವ್‌ನಲ್ಲಿ ಸೋರಿಕೆ" ಎಂಬ ಮಾತನ್ನೂ ಸೇರಿಸಬೇಕು.